ಹೆಳವರ ಹೊತ್ತಿಗೆ ಬರೆದುಕೊಳ್ಳದ ಹೆಸರುಗಳು

ಮೋರಟಗಿಯಲ್ಲಿ ಮದುವೆಯ ಮಾತುಕತೆ ನಡೆದಿರುವ ಚಿ. ಕುಮಾರಿಗೆ,

ಸಿಂದಗಿ, ಇಂಡಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಸೀಮೆಯಲ್ಲಿ ಹೆಣ್ಣುಮಗು ಬೆಳೆಯುತ್ತಿದ್ದಂತೆಯೇ ಸೋದರಮಾವನ ಇಲ್ಲವೆ ಸೋದರತ್ತೆಯ ಮಗನ ಹೆಸರು ಮನೆಯ ಮಾತಿನಲ್ಲಿ ಸುಳಿಯತೊಡಗುವುದು ಹಳೆಯ ರೂಢಿ. ಮಗಳು ಕಣ್ಣಳತೆಯಲ್ಲಿರಲಿ, ಹೊಲ ಹೊರಗಿನವರ ಪಾಲಾಗದಿರಲಿ, ಕಳ್ಳುಬಳ್ಳಿ ಕಡಿಯದಿರಲಿ ಎಂಬ ಅದರ ಕಾರಣಗಳು ಹುರುಳಿಲ್ಲದವೂ ಅಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ವಿವಾಹಿತೆಯರಲ್ಲಿ ಸುಮಾರು ಕಾಲು ಭಾಗದಷ್ಟು ಮಂದಿ ರಕ್ತಸಂಬಂಧದೊಳಗೇ ಮದುವೆಯಾದವರು. ಆದ್ದರಿಂದ ಈ ಪತ್ರದ ಉದ್ದೇಶ ರೂಢಿಯನ್ನು ಹಳಿಯುವುದಲ್ಲ, ನಿಶ್ಚಯದ ಸಕ್ಕರೆ ಹಂಚುವ ಮುನ್ನ ಮನೆಯಲ್ಲಿ ಕೇಳಿಕೊಳ್ಳಬೇಕಾದ ಪ್ರಶ್ನೆಗಳನ್ನು ತಿಳಿಸುವುದು.

ದೇಹದ ಬೆಳವಣಿಗೆಗೂ ಕೆಲಸಕ್ಕೂ ಬೇಕಾದ ಸೂಚನೆಗಳನ್ನು ಹೊತ್ತ ಜೀನ್‌ಗಳು, ಅಂದರೆ ವಂಶವಾಹಿಗಳು, ಬಹುತೇಕ ಜೋಡಿಯಾಗಿರುತ್ತವೆ. ಒಂದು ಪ್ರತಿ ತಾಯಿಯದು, ಇನ್ನೊಂದು ತಂದೆಯದು. ಮಗುವಿಗೆ ತಿಂಗಳು ತಿಂಗಳು ರಕ್ತ ಹಾಕಿಸಬೇಕಾಗಿ ಬರುವ ಥಲಸ್ಸೀಮಿಯಾದಂಥ ರೋಗಗಳು ಎರಡೂ ಪ್ರತಿ ಕೆಟ್ಟಾಗ ಮಾತ್ರ ತೀವ್ರವಾಗಿ ತೋರುತ್ತವೆ; ಒಂದೇ ಪ್ರತಿ ಕೆಟ್ಟವರು ‘ವಾಹಕರು’, ಅವರು ಹೊಲದಲ್ಲಿ ದುಡಿಯುತ್ತ ಎಂಬತ್ತು ವರ್ಷ ಬಾಳಿದರೂ ಅದು ಹೊರಗೆ ಕಾಣದು. ಅಜ್ಜಿಯೊಬ್ಬಳು ಅಂಥ ವಾಹಕಳಾಗಿದ್ದರೆ ಆಕೆಯ ಮಗನು ವಾಹಕನಾಗುವ ಸಂಭವ 2ರಲ್ಲಿ 1, ಮಗಳ ಮಗಳು ವಾಹಕಳಾಗುವ ಸಂಭವ 4ರಲ್ಲಿ 1; ಈ ಇಬ್ಬರಿಗೇ, ಎಂದರೆ ಸೋದರಮಾವನಿಗೂ ಅಕ್ಕನ ಮಗಳಿಗೂ, ಮದುವೆಯಾದರೆ ಅಜ್ಜಿಯ ಅದೇ ದೋಷ ಎರಡೂ ಕಡೆಯಿಂದ ಕೂಡಿ ಮಗು ರೋಗಿಯಾಗುವ ಸಂಭವ 32ರಲ್ಲಿ 1, ಸೋದರತ್ತೆಯ ಮಗನಾದರೆ 64ರಲ್ಲಿ 1. ಇಬ್ಬರೂ ವಾಹಕರೆಂದು ಖಚಿತವಾದ ಮೇಲಂತೂ ಪ್ರತಿ ಬಸಿರಿಗೂ 4ರಲ್ಲಿ 1 ಎಂಬುದೇ ಲೆಕ್ಕ. ಒಂದು ಮಗು ರೋಗಿಯಾಯಿತು, ಇನ್ನು ಮೂರು ಕ್ಷೇಮ ಎಂದು ಭಾವಿಸುವಂತಿಲ್ಲ, ಏಕೆಂದರೆ ಕವಡೆ ಪ್ರತಿ ಸಲವೂ ಹೊಸದಾಗಿಯೇ ಬೀಳುತ್ತದೆ. ಇಂಥ ರೋಗದಲ್ಲಿ ದೋಷದ ಅರ್ಧ ಗಂಡನಿಂದ ಬಂದದ್ದಾಗಿದ್ದರೂ ಮಾತು ಕೇಳುವವಳು ಸೊಸೆಯೊಬ್ಬಳೇ ಎಂಬುದು ವಿಜ್ಞಾನಕ್ಕೂ ನ್ಯಾಯಕ್ಕೂ ಒಪ್ಪದ ಸಂಗತಿ.

ಈ ಸೀಮೆಗೆ ವಂಶಾವಳಿ ಹೊಸ ವಿದ್ಯೆಯಲ್ಲ. ಹೆಳವರು ಮನೆಮನೆಗೆ ಬಂದು ತಲೆಮಾರುಗಳ ಹೆಸರುಗಳನ್ನು ಹೊತ್ತಿಗೆ ಬಿಚ್ಚಿ ಹೇಳಿ, ಕಾಳುಕಡಿ ಪಡೆದು ಹೋಗುತ್ತಾರೆ. ಆದರೆ ಆ ಹೊತ್ತಿಗೆ ಮುಖ್ಯವಾಗಿ ಗಂಡು ಸಂತಾನದ ಎಳೆಯನ್ನು ಹಿಡಿದು ಸಾಗುತ್ತದೆ; ವೈದ್ಯರಿಗೆ ಬೇಕಾದದ್ದು ಅದು ಬಿಟ್ಟ ಹೆಸರುಗಳು: ಕೊಟ್ಟ ಹೆಣ್ಣುಮಕ್ಕಳ ಮಕ್ಕಳು, ತೊಟ್ಟಿಲಿಗೆ ಹಾಕುವ ಮೊದಲೇ ತೀರಿಕೊಂಡ ಕೂಸುಗಳು, ಹುಟ್ಟುಕಿವುಡರು, ಗಾಯವಾದರೆ ರಕ್ತ ನಿಲ್ಲದ ಗಂಡುಹುಡುಗರು. ಈ ಕೊನೆಯದು ಹಿಮೊಫಿಲಿಯಾ ಇರಬಹುದು. ಅದು ಬಹುಮಟ್ಟಿಗೆ ತಾಯಿಯ ಕಡೆಯಿಂದ ಬರುವುದರಿಂದ ಗಂಡು ಎಳೆಯ ಹೊತ್ತಿಗೆಯಲ್ಲಿ ಅದರ ಸುಳಿವೇ ಸಿಗದು. ತಳಿವಿಜ್ಞಾನದ ಚಿತ್ರದಲ್ಲಿ ಗಂಡಿಗೆ ಚೌಕ, ಹೆಣ್ಣಿಗೆ ವೃತ್ತ, ರಕ್ತಸಂಬಂಧದ ಮದುವೆಗೆ ಜೋಡಿಗೆರೆ. ಮನೆಯ ಹಿರಿಯ ಹೆಂಗಸರನ್ನು ಕೇಳಿ ಮೂರು ತಲೆಮಾರಿನ ಇಂಥ ಚಿತ್ರವೊಂದನ್ನು ಬರೆಯಲು ಕಾಸೂ ಖರ್ಚಾಗುವುದಿಲ್ಲ.

ಆ ಬಳಿಕ ರಕ್ತದ ಮಾತು. ಥಲಸ್ಸೀಮಿಯಾದ ವಾಹಕತ್ವಕ್ಕೆ ದುಬಾರಿ ಡಿಎನ್‌ಎ ಪರೀಕ್ಷೆಯೇ ಮೊದಲಾಗಬೇಕಿಲ್ಲ. ಸಾಮಾನ್ಯ ರಕ್ತಪರೀಕ್ಷೆಯಲ್ಲಿ ಕೆಂಪುಕಣಗಳು ಚಿಕ್ಕವಾಗಿ ಕಂಡರೆ ಹಿಮೋಗ್ಲೋಬಿನ್ ಎ2 ಅಳೆಯುತ್ತಾರೆ, ಅದು ಸಾಮಾನ್ಯವಾಗಿ ಶೇ 3.5ಕ್ಕಿಂತ ಹೆಚ್ಚಿದ್ದರೆ ವಾಹಕತ್ವದ ಗುರುತು. ಕಬ್ಬಿಣದ ಕೊರತೆ ಈ ಅಂಕಿಯನ್ನು ಇಳಿಸಿ ಮರೆಮಾಚಬಲ್ಲದಾದ್ದರಿಂದ ‘ರಕ್ತ ಕಡಿಮೆ’ ಎಂಬ ಒಂದೇ ಮಾತಿಗೆ ತೃಪ್ತರಾಗದಿರುವುದು ಲೇಸು. ಕುಟುಂಬದಲ್ಲಿ ರೋಗದ ಮಗು ಈಗಾಗಲೇ ಇದ್ದರೆ ಡಿಎನ್‌ಎ ಪರೀಕ್ಷೆಯನ್ನು ಆ ಮಗುವಿನಿಂದಲೇ ಆರಂಭಿಸಬೇಕು, ಯಾವ ದೋಷವನ್ನು ಹುಡುಕಬೇಕೆಂದು ಗೊತ್ತಿಲ್ಲದೆ ಉಳಿದವರ ರಕ್ತ ತೆಗೆದು ಬಂದ ‘ದೋಷವಿಲ್ಲ’ ಎಂಬ ವರದಿ ಬರಿಯ ಸಮಾಧಾನ. ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆ 2019ರಲ್ಲಿ ಆರಂಭಿಸಿದ ‘ಉಮ್ಮೀದ್’ ಯೋಜನೆಯು ಗರ್ಭಿಣಿಯರ ಮತ್ತು ನವಜಾತ ಶಿಶುಗಳ ಇಂಥ ತಪಾಸಣೆಗೆ ಆರಿಸಿಕೊಂಡ ಜಿಲ್ಲೆಗಳಲ್ಲಿ ನೆರೆಯ ಯಾದಗಿರಿಯೂ ಒಂದು.

ರಕ್ತಸಂಬಂಧ ತಪ್ಪಿಸಿದರೆ ಎಲ್ಲವೂ ತಪ್ಪಿತೆಂದೂ ಅಲ್ಲ. ಸಾಗರ ತಾಲ್ಲೂಕಿನ ಹಂದಿಗೋಡಿನಲ್ಲಿ 1970ರ ದಶಕದಲ್ಲಿ ಕಂಡ, ಸೊಂಟದ ಕೀಲು ಸವೆದು ನಡೆಯಲಾಗದಂತೆ ಮಾಡುವ ಕಾಯಿಲೆಗೆ ಕೀಟನಾಶಕ ಬಿದ್ದ ಗದ್ದೆಯ ಏಡಿ ತಿಂದದ್ದೇ ಕಾರಣವೆಂಬ ಶಂಕೆಯಿತ್ತು. ಅದು ಒಂದೇ ಕೆಟ್ಟ ಪ್ರತಿಯಿಂದ ಬರುವ, ರೋಗಿಯ ಪ್ರತಿ ಮಗುವಿಗೂ 2ರಲ್ಲಿ 1 ಸಂಭವವಿರುವ ವಂಶವಾಹಿ ರೋಗವೆಂದು ಆಮೇಲೆ ತಿಳಿಯಿತು.

ಪರೀಕ್ಷೆಯ ಕಾಲವೂ ಮುಖ್ಯ. ಬಸಿರಾದ ಮೇಲೆ 11ನೇ ವಾರದ ಹೊತ್ತಿಗೆ ಮಾಸುಚೀಲದ ತುಣುಕಿನಿಂದ ಭ್ರೂಣದ ದೋಷ ತಿಳಿಯಬಹುದಾದರೂ ಆಗ ಎದುರಾಗುವ ನಿರ್ಧಾರ ಬಹು ಭಾರವಾದದ್ದು. ನಿಶ್ಚಯಕ್ಕೆ ಮುಂಚೆಯಾದರೆ ಅದೇ ತಿಳಿವು ಒಂದು ರಕ್ತದ ಚೀಟಿಯಷ್ಟು ಹಗುರ. ಚೀಟಿಯಲ್ಲಿ ಏನೇ ಬರಲಿ, ಅದನ್ನು ಮೊದಲು ಓದುವ ಹಕ್ಕು ಕುಮಾರಿಯದು. ಬೀಗರಿಗೆ ತೋರಿಸುವುದಾದರೆ ವರನ ಚೀಟಿಯೂ ಅದರ ಜೊತೆಗೇ ಇರತಕ್ಕದ್ದು.