ಒಂದೇ ವಠಾರ, ಎರಡು ಪಿಂಚಣಿ

ನಮ್ಮಕ್ಕ ದೊಡ್ಡಬಳ್ಳಾಪುರದ ಗಾರ್ಮೆಂಟ್ ಕಾರ್ಖಾನೆಯೊಂದರಲ್ಲಿ ಟೈಲರ್ ಆಗಿದ್ದಳು. 2025ರ ಆಗಸ್ಟ್‌ಗೆ 58 ತುಂಬಿತು, ಕೆಲಸ ಬಿಟ್ಟಳು. ಟೆನ್-ಡಿ ಫಾರಂ ಹಾಕಿದ ಮೇಲೆ ಮಂಜೂರಾದ ಪಿಂಚಣಿ ತಿಂಗಳಿಗೆ 2,114 ರೂಪಾಯಿ. ಅದೇ ವಠಾರದ ಎದುರು ಬಾಗಿಲಿನಲ್ಲಿರುವ ಅವಳ ಮೈದುನ ಸರ್ಕಾರಿ ಕಚೇರಿಯಲ್ಲಿ ಡಿ ದರ್ಜೆ ನೌಕರನಾಗಿದ್ದ. 1994ರಲ್ಲಿ ಸೇರಿದವನು, 60ಕ್ಕೆ ಅವನೂ ಅದೇ ವರ್ಷ ನಿವೃತ್ತನಾದ. ಹಳೇ ಪಿಂಚಣಿ. ಕೊನೆಯ ಮೂಲ ವೇತನ 44 ಸಾವಿರ, ಅದರ ಅರ್ಧ 22 ಸಾವಿರ, ಮೇಲೆ ತುಟ್ಟಿಭತ್ಯೆ. ‘ಅತ್ಗೆ ನನಗಿಂತ ಜಾಸ್ತಿ ಗೇದವ್ರೆ’ ಅನ್ನುವುದು ಅವನದೇ ಮಾತು.

ಯಾಕಿಷ್ಟು ಕಡಿಮೆ ಎಂದು ಕೇಳಿದವರಿಗೆಲ್ಲ ನಮ್ಮ ನೆಂಟರು ಒಂದೇ ಉತ್ತರ ಕೊಡುತ್ತಾರೆ: ‘ಅವಳು ಟೆನ್-ಸಿ ಹಾಕಿ ದುಡ್ಡು ತೆಗೆದುಬಿಟ್ಟಳಲ್ಲ.’ ಟೆನ್-ಸಿ ಅಂದರೆ ಪಿಂಚಣಿ ಬಾಬ್ತಿನ ಹಣ ತೆಗೆಯುವ ಫಾರಂ. ನೆಂಟರ ಆ ಮಾತು ಎಷ್ಟು ನಿಜ ಎಂದು ಪೆನ್ನು ಹಿಡಿದು ಕೂತೆ.

ಅಕ್ಕ ಮೊದಲು 2000ದ ಜನವರಿಯಿಂದ 2008ರ ಆಗಸ್ಟ್‌ವರೆಗೆ ಯಲಹಂಕದ ಕಡೆಯ ಒಂದು ಕಾರ್ಖಾನೆಯಲ್ಲಿದ್ದಳು. ಮನೆಯ ನಾಡಹೆಂಚು ಸೋರಿ ಸೋರಿ ಜಂತೆ ಕೊಳೆತಿತ್ತು. ಸೂರು ತೆಗೆಸಿ ಶೀಟು ಹಾಕಿಸಬೇಕಿತ್ತು. ಕೈಯಲ್ಲಿ ಬೇರೆ ದುಡ್ಡಿಲ್ಲ. ರಾಜೀನಾಮೆ ಕೊಟ್ಟರೆ ಪಿಎಫ್ ಸಿಗುತ್ತದೆ. ಗಾರ್ಮೆಂಟಿನ ಹೆಂಗಸರು ಇವತ್ತಿಗೂ ಮಾಡುವುದು ಇದನ್ನೇ. ಗೇಟಿನ ಮುಂದೆ ಫಾರಂ ತುಂಬಿಕೊಡುವವನೊಬ್ಬ ಇದ್ದ, ಕಮಿಷನ್ ಇಟ್ಟುಕೊಂಡು ಪಿಎಫ್ ತೆಗೆಯುವ 19ನೇ ನಂಬರಿನದನ್ನೂ ಟೆನ್-ಸಿಯನ್ನೂ ಒಟ್ಟಿಗೇ ಹೆಬ್ಬೆಟ್ಟು ಒತ್ತಿಸಿಕೊಂಡ. ಟೆನ್-ಸಿಯಲ್ಲಿ ದುಡ್ಡಿನ ಬದಲು ಸ್ಕೀಮ್ ಸರ್ಟಿಫಿಕೇಟ್ ಕೇಳಬಹುದು, ಸೇವೆ ಹಾಗೇ ಉಳಿಯುತ್ತದೆ ಎಂದು ಯಾರೂ ಹೇಳಲಿಲ್ಲ. ಪಿಎಫ್ ಜೊತೆಗೆ ಪಿಂಚಣಿ ಬಾಬ್ತು 28 ಸಾವಿರದ ಆಸುಪಾಸು ಬಂತು. ಸೂರಿಗೆ ಹೋಯಿತು. ಮರುವರ್ಷ ಸೆಪ್ಟೆಂಬರ್‌ನಲ್ಲಿ ದೊಡ್ಡಬಳ್ಳಾಪುರದಲ್ಲೇ ಹೊಸದಾಗಿ ಸೇರಿದಳು. ಸೇವೆ ಸೊನ್ನೆಯಿಂದ ಶುರು.

ಈಗ ಲೆಕ್ಕ. ಎರಡನೇ ಸುತ್ತಿನ ಸೇವೆ 16 ವರ್ಷ. 2014ರ ಸೆಪ್ಟೆಂಬರ್ 1ಕ್ಕೆ ವೇತನದ ಮಿತಿ 6,500ರಿಂದ 15,000ಕ್ಕೆ ಏರಿತು, ಹಾಗಾಗಿ ಅದರ ಹಿಂದಿನದು ಬೇರೆ, ಮುಂದಿನದು ಬೇರೆ. ಹಿಂದಿನ 5 ವರ್ಷಕ್ಕೆ 6,500 ಹಿಡಿದು 70ರಿಂದ ಭಾಗಿಸಿದರೆ 464. ಮುಂದಿನ 11 ವರ್ಷಕ್ಕೆ ಅವಳ ಕೊನೆಯ 60 ತಿಂಗಳ ಸರಾಸರಿ 10,500 ಹಿಡಿದರೆ 1,650. ಕೂಡಿದರೆ 2,114. ತೆಗೆಯದೇ ಬಿಟ್ಟಿದ್ದರೆ ಇನ್ನೂ 9 ವರ್ಷ ಸೇರುತ್ತಿತ್ತು, 836 ರೂಪಾಯಿ. 20 ವರ್ಷ ದಾಟಿದ್ದಕ್ಕೆ ಎರಡು ವರ್ಷದ ಬೋನಸ್, ಹಳೆಯ ಮಿತಿಯಲ್ಲೇ ಹಿಡಿದರೂ 186. ಅಲ್ಲಿಗೆ ತಿಂಗಳಿಗೆ 1,022 ನಷ್ಟ. ಅವಳು 78ರವರೆಗೆ ಬಾಳಿದರೆ 2,45,280. ಅವಳ ನಂತರ ಭಾವನಿಗೆ ಬರುವ ಅರ್ಧ ಪಿಂಚಣಿಯೂ ಅಷ್ಟರಮಟ್ಟಿಗೆ ಇಳಿಯಿತು.

28 ಸಾವಿರಕ್ಕೆ ಎರಡೂವರೆ ಲಕ್ಷ ಹೋಯಿತು ಎಂದು ನೆಂಟರು ಇಲ್ಲಿಗೇ ನಿಲ್ಲಿಸುತ್ತಾರೆ. ನಿಲ್ಲಿಸಬಾರದು. ಆ 28 ಸಾವಿರ 2008ರ ದುಡ್ಡು. ಪಿಎಫ್ ಬಡ್ಡಿಯ ಹಾಗೆ ನೂರಕ್ಕೆ ಎಂಟೂವರೆಯಂತೆ 17 ವರ್ಷ ಬೆಳೆದಿದ್ದರೆ ಇವತ್ತು 1 ಲಕ್ಷ 12 ಸಾವಿರ. ಅದನ್ನು ಅಂಚೆ ಕಚೇರಿಯ ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿ 8.2ಕ್ಕೆ ಇಟ್ಟರೆ ತಿಂಗಳಿಗೆ 765 ರೂಪಾಯಿ, ಅಸಲು ಕೈಯಲ್ಲೇ. ಅಂದರೆ ಪಿಂಚಣಿ ಯೋಜನೆಯಲ್ಲಿ 9 ವರ್ಷ ಬಿಟ್ಟಿದ್ದರೆ ಸಿಗುತ್ತಿದ್ದುದು ಬರೀ ಬಡ್ಡಿಗಿಂತ 257 ಹೆಚ್ಚು, ಅಸಲು ಮಾತ್ರ ಇಲ್ಲ.

ಈ 257ನ್ನು ನೋಡಿದ ಮೇಲೆ ಅಕ್ಕನನ್ನು ದೂರುವವರ ಮೇಲೆ ನನಗೆ ಸಿಟ್ಟೇ ಬಂತು. ದುಡ್ಡು ತೆಗೆದದ್ದರಿಂದ ಅವಳಿಗೆ ನಷ್ಟವಾಗಿದೆ, ಸರಿ. ಆದರೆ ಒಂದು ಪೈಸೆ ಮುಟ್ಟದೆ 25 ವರ್ಷ ಸೇವೆ ತುಂಬಿಸಿದ್ದರೂ ಬರುತ್ತಿದ್ದುದು 3,136. ಮೈದುನನಿಗೂ ಅವಳಿಗೂ ಇರುವ ಅಂತರಕ್ಕೆ ಟೆನ್-ಸಿ ಕಾರಣವಲ್ಲ. ಅವಳಿಗೆ ಪಿಂಚಣಿ ಕೊಡುವ ಇಪಿಎಸ್-95 ಅನ್ನುವ ಯೋಜನೆಯ ಹೊಲಿಗೆಯೇ ಹಾಗಿದೆ.

ಮಾಲೀಕರು ಅಕ್ಕನ ಪಿಂಚಣಿಗೆ ಹಾಕುತ್ತಿದ್ದುದು ಸಂಬಳದ ನೂರಕ್ಕೆ 8.33 ಭಾಗ. 10,500ಕ್ಕೆ 875 ರೂಪಾಯಿ. ಕೇಂದ್ರ ಸರ್ಕಾರದ್ದು 1.16, ಅಂದರೆ 122. ಕರ್ನಾಟಕದಲ್ಲಿ 2006ರ ಏಪ್ರಿಲ್ 1ರಿಂದೀಚೆಗೆ ಸೇರಿ ಹೊಸ ಪಿಂಚಣಿಯಾದ ಎನ್‌ಪಿಎಸ್‌ನಲ್ಲಿರುವ ಸರ್ಕಾರಿ ನೌಕರ ಹಳೇ ಪಿಂಚಣಿ ಬೇಕೆಂದು ಫ್ರೀಡಂ ಪಾರ್ಕಿನಲ್ಲಿ ಕೂರುತ್ತಾನೆ. ಅವನ ಸಂಕಟ ಸುಳ್ಳಲ್ಲ, ಮಾರುಕಟ್ಟೆ ಬಿದ್ದರೆ ಅವನ ಪಿಂಚಣಿಯೂ ಬೀಳುತ್ತದೆ. ಆದರೆ ಅವನ ಖಾತೆಗೆ ಸರ್ಕಾರ ಹಾಕುವುದು ಮೂಲ ವೇತನ, ತುಟ್ಟಿಭತ್ಯೆ ಸೇರಿಸಿದ್ದರ ನೂರಕ್ಕೆ 14. ಮಿತಿಯಿಲ್ಲ. 40 ಸಾವಿರಕ್ಕೆ 5,600 ರೂಪಾಯಿ. ಮೈದುನನಂಥ ಹಳಬರಿಗೆ ಬೊಕ್ಕಸವೇ ನೇರ ಕೊಡುತ್ತದೆ. ಆ ಬೊಕ್ಕಸಕ್ಕೆ ಅಕ್ಕ ಕೊಳ್ಳುವ ಸೋಪಿನ ಮೇಲಿನ ತೆರಿಗೆಯೂ ಹೋಗುತ್ತದೆ.

ಕಾರ್ಮಿಕ ಸಂಘಗಳು 15,000ದ ಮಿತಿ ಏರಿಸಿ ಎಂದು ಕೇಳುತ್ತಿವೆ. ಕೇಳಲಿ. ಹೊಸಕೋಟೆಯ ಕಾರ್ಖಾನೆಗಳಲ್ಲಿ 25 ಸಾವಿರ ಎಣಿಸುವವರಿಗೆ ಅದರಿಂದ ಉಪಯೋಗವಿದೆ. ಸುಪ್ರೀಂ ಕೋರ್ಟಿನ 2022ರ ನವೆಂಬರ್ 4ರ ಹೆಚ್ಚಿನ ಪಿಂಚಣಿಯ ತೀರ್ಪು ಕೂಡ ಮಿತಿಗಿಂತ ಮೇಲೆ ಸಂಬಳ ಇದ್ದವರಿಗೇ. ಟೈಲರ್ ಸಂಬಳ ಮಿತಿ ಮುಟ್ಟುವುದೇ ಇಲ್ಲ. ಅವಳಿಗೆ ಬೇಕಾಗಿರುವುದು ಎರಡು: ಕನಿಷ್ಠ ಪಿಂಚಣಿ ಏರಬೇಕು, ಪಿಂಚಣಿಗೆ ತುಟ್ಟಿಭತ್ಯೆ ಸೇರಬೇಕು. ಇಪಿಎಸ್‌ನ ಕನಿಷ್ಠ ಪಿಂಚಣಿ 2014ರಲ್ಲಿ 1,000 ಆದದ್ದು ಅಲ್ಲೇ ನಿಂತಿದೆ. ರಾಜ್ಯದ 7ನೇ ವೇತನ ಆಯೋಗದ ಬಳಿಕ ಸರ್ಕಾರಿ ನೌಕರರ ಕನಿಷ್ಠ ಪಿಂಚಣಿ 13,500. ದುಡಿದು ಕಂತು ಕಟ್ಟಿದವಳಿಗೆ 1,000, 65 ದಾಟಿದ ಬಡವರಿಗೆ ಕೊಡುವ ಸಂಧ್ಯಾ ಸುರಕ್ಷಾ 1,200! ಸಂಧ್ಯಾ ಸುರಕ್ಷಾ ಹೆಚ್ಚಾಯಿತು ಎನ್ನುತ್ತಿಲ್ಲ. ಅದೂ ಸಾಲದು. ಆದರೆ ಕಂತು ಕಟ್ಟಿದ ಪಿಂಚಣಿ ಅದಕ್ಕಿಂತ ಕೆಳಗಿದೆ ಅಂದರೆ ಏನು ಹೇಳುವುದು.

ತುಟ್ಟಿಭತ್ಯೆಯದು ಇನ್ನೂ ಕೆಟ್ಟದ್ದು. ಅಕ್ಕನ 2,114 ಅವಳ 78ನೇ ವರ್ಷದಲ್ಲೂ 2,114. ಬೆಲೆ ವರ್ಷಕ್ಕೆ ನೂರಕ್ಕೆ 6 ಏರಿದರೆ ಆಗ ಅದಕ್ಕೆ ಇಂದಿನ 660 ರೂಪಾಯಿಯ ಬೆಲೆ. ಮೈದುನನಿಗೆ ವರ್ಷಕ್ಕೆ ಎರಡು ಸಲ ಭತ್ಯೆಯ ಲೆಕ್ಕ ಹಾಕುತ್ತಾರೆ. ಇಬ್ಬರೂ ತರಕಾರಿ ತರುವುದು ಒಂದೇ ಸಂತೆಯಿಂದ.

ಅವನ ಪಿಂಚಣಿ ಕಡಿಯಿರಿ ಎಂದು ನಾನು ಎಂದೂ ಬರೆಯುವುದಿಲ್ಲ. 30 ವರ್ಷ ಫೈಲು ಹೊತ್ತವನಿಗೆ 22 ಸಾವಿರ ದುಬಾರಿಯಲ್ಲ. ಕೇಳಬೇಕಾದ್ದು ಇವಳಿಗೆ ಯಾಕಿಲ್ಲ ಎಂದು. 8.33 ಭಾಗದಿಂದ 13,500 ಹುಟ್ಟುವುದಿಲ್ಲ, ನಿಜ. ಹಾಗಿದ್ದರೆ ಕೇಂದ್ರದ 1.16 ಏರಬೇಕು. ಪಿಂಚಣಿದಾರರು ಕೇಳುತ್ತಿರುವ 7,500 ಮತ್ತು ತುಟ್ಟಿಭತ್ಯೆ ಅತಿಯಾಸೆಯಲ್ಲ. ಇನ್ನು ನಮ್ಮೂರ ಮಗ್ಗದ ಮನೆಗಳಲ್ಲಿ ನಾಲ್ಕಾರು ಜನ ದುಡಿಯುವ ಕಡೆ ಪಿಎಫ್ ಕಾಯ್ದೆಯೇ ಅನ್ವಯಿಸುವುದಿಲ್ಲ, ಅವರಿಗೆ ಈ 2,114 ಕೂಡ ಇಲ್ಲ.

ಅಕ್ಕನ ಪಿಎಫ್ ಮೂರು ಲಕ್ಷ ಬಂದ ವಾರವೇ ವಿಮಾ ಏಜೆಂಟ್ ಒಬ್ಬರು ಮನೆಗೆ ಬಂದರು. ‘ಗ್ಯಾರಂಟಿ ಪಿಂಚಣಿ’ ಪಾಲಿಸಿ: ವರ್ಷಕ್ಕೆ 30 ಸಾವಿರದಂತೆ 10 ವರ್ಷ ಕಟ್ಟಿ, ಆಮೇಲೆ ಆದಾಯ ಶುರು. 58 ವಯಸ್ಸಿನ, ಸಂಬಳ ನಿಂತ ಹೆಂಗಸಿಗೆ! ಆದಾಯ ಬರುವ ಹೊತ್ತಿಗೆ ಅವಳಿಗೆ 68. ನಡುವೆ ನಿಲ್ಲಿಸಿದರೆ ಕಟ್ಟಿದ್ದೂ ಪೂರಾ ಬರುವುದಿಲ್ಲ. ಇಂಥದನ್ನು ಬಣ್ಣದ ಹಾಳೆಯಲ್ಲಿ ಸುತ್ತಿ ಗಾರ್ಮೆಂಟ್ ಕಾಲೊನಿಗಳಲ್ಲಿ ಮಾರುವುದನ್ನು ನೋಡಿದರೆ ಮೈ ಉರಿಯುತ್ತದೆ. ನಿವೃತ್ತಿಯ ಹಣ ಬಂದ ಮೂರು ತಿಂಗಳೊಳಗೆ 55 ದಾಟಿದವರೂ ಹಿರಿಯ ನಾಗರಿಕರ ಯೋಜನೆಗೆ ಸೇರಬಹುದು. ಮೂರು ಲಕ್ಷಕ್ಕೆ ಮೂರು ತಿಂಗಳಿಗೊಮ್ಮೆ 6,150. ತಿಂಗಳಿಗೆ 2,050 ಆಯಿತು. 16 ವರ್ಷದ ಸೇವೆ ಕೊಟ್ಟ ಪಿಂಚಣಿಗೆ ಹೆಚ್ಚುಕಡಿಮೆ ಸಮ. ಅಕ್ಕ ಅಂಚೆ ಕಚೇರಿಗೇ ಹೋದಳು.

ಈಗ ಲೈನಿನಲ್ಲಿ ಕೂತಿರುವ ಹುಡುಗಿಯರಿಗೆ ಎರಡು ಮಾತು. 2016ರ ಏಪ್ರಿಲ್ 18, 19ರಂದು ಬೆಂಗಳೂರಿನ ಗಾರ್ಮೆಂಟ್ ಹೆಂಗಸರು ಹೊಸೂರು ರಸ್ತೆ, ಪೀಣ್ಯದಲ್ಲಿ ಬೀದಿಗಿಳಿದರು. ಮಾಲೀಕರ ಪಾಲಿನ ಪಿಎಫ್ 58ರವರೆಗೆ ಮುಟ್ಟಬಾರದು ಎಂಬ ಆದೇಶದ ವಿರುದ್ಧ. ಕೇಂದ್ರ ಆದೇಶವನ್ನು ವಾಪಸ್ ಪಡೆಯಿತು. ಅವರು ಮಾಡಿದ್ದು ಸರಿ. ಬೇರೆ ಉಳಿತಾಯವೇ ಇಲ್ಲದವರಿಗೆ ಪಿಎಫ್ಫೇ ಆಪದ್ಧನ. ಆದರೆ ಪಿಎಫ್ ಬೇರೆ, ಪಿಂಚಣಿ ಬೇರೆ. ಕಷ್ಟಕ್ಕೆ ಪಿಎಫ್ ತೆಗೆಯಿರಿ, ಟೆನ್-ಸಿಗೆ ಕೈ ಹಾಕಬೇಡಿ. 10 ವರ್ಷ ತುಂಬದಿದ್ದರೆ ಪಿಂಚಣಿಯೇ ಇಲ್ಲ. ಕೆಲಸ ಬಿಟ್ಟ ಎರಡು ತಿಂಗಳಿಗೆ ಸಿಗುತ್ತಿದ್ದ ಟೆನ್-ಸಿ ಹಣಕ್ಕೆ 36 ತಿಂಗಳು ಕಾಯಿಸಬೇಕೆಂದು ಭವಿಷ್ಯನಿಧಿ ಟ್ರಸ್ಟಿಗಳ ಮಂಡಳಿ 2025ರ ಅಕ್ಟೋಬರ್‌ನಲ್ಲಿ ತೀರ್ಮಾನಿಸಿದೆ. ಅದು ಒಳ್ಳೆಯದೇ. ಕಾಯುವ ಬದಲು ಹೊಸ ಕಾರ್ಖಾನೆಗೆ ವರ್ಗಾಯಿಸಿಕೊಳ್ಳಿ.

ಚೀಟಿ ಕಟ್ಟಲು, ಮದುವೆಗೆ, ಒಡವೆ ಬಿಡಿಸಲು ರಾಜೀನಾಮೆ ಕೊಡುವ ಅಭ್ಯಾಸ ಬಿಡಿ. ಪ್ರತಿ ರಾಜೀನಾಮೆಗೂ ಗ್ರಾಚ್ಯುಟಿಯ ಐದು ವರ್ಷ ಮೊದಲಿನಿಂದ ಎಣಿಕೆಯಾಗುತ್ತದೆ. ಪಿಎಫ್ ಖಾತೆಯ ಯುಎಎನ್ ಸಂಖ್ಯೆ ಒಂದೇ ಇರಲಿ, ಆಧಾರ್‌ನಲ್ಲಿರುವ ಹೆಸರೇ ಅಲ್ಲೂ ಇರಲಿ. ಹಳೆಯ ಕಾರ್ಖಾನೆ ನೀವು ಬಿಟ್ಟ ದಿನಾಂಕ ಹಾಕಿದೆಯೇ ಎಂದು ಪಾಸ್‌ಬುಕ್ಕಿನಲ್ಲಿ ನೋಡಿ. ಹಾಕಿರದಿದ್ದರೆ ನೀವೇ ಪೋರ್ಟಲಿನಲ್ಲಿ ನಮೂದಿಸಬಹುದು, ಅದಕ್ಕೆ ಗೇಟಿನ ಮುಂದಿನವನಿಗೆ ಕಮಿಷನ್ ಕೊಡಬೇಕಾಗಿಲ್ಲ.