ಸಿಂಹ ಯಾರು, ಹುಲಿ ಯಾರು?

ಕೆಮ್ಮಣ್ಣುಗುಂಡಿಯ ಗಿರಿಯನ್ನಿಳಿದು ತರೀಕೆರೆ ತಾಲ್ಲೂಕಿನ ಅಮೃತಾಪುರಕ್ಕೆ ಬಂದರೆ, ಹೊಯ್ಸಳ ವೀರಬಲ್ಲಾಳನ ದಂಡನಾಯಕನು 1196ರಲ್ಲಿ ಕಟ್ಟಿಸಿದ ಅಮೃತೇಶ್ವರ ದೇವಾಲಯವನ್ನು ಕಾಣುತ್ತೇವೆ. ಅದರ ಶುಕನಾಸಿಯ ಮೇಲೆ ವೀರನೊಬ್ಬನು ಮೃಗದೊಡನೆ ಹೋರಾಡುತ್ತಿದ್ದಾನೆ. ಇದು ಹೊಯ್ಸಳರ ಲಾಂಛನ. ಮುನಿಯು ‘ಹೊಯ್, ಸಳ’ ಎಂದ ಕಥೆಯನ್ನು ನೀವು ಬಲ್ಲಿರಿ. ಕಥೆಯಲ್ಲಿ ಬರುವುದು ಹುಲಿ. ಶಿಲ್ಪಿಯು ಕಂಡರಿಸಿದುದು ಸಿಂಹ. ಇದರಿಂದ ಯಾರಿಗೂ ತೊಡಕಾದಂತಿಲ್ಲ! ಹುಲಿಯು ಚೋಳರ ಲಾಂಛನವಾಗಿತ್ತು. ವಿಷ್ಣುವರ್ಧನನು ತಲಕಾಡಿನಲ್ಲಿ ಚೋಳರನ್ನು ಗೆದ್ದ ಬಳಿಕ ಈ ಕಥೆ ಪ್ರಚಾರಕ್ಕೆ ಬಂದಿರಬೇಕೆಂದು ಕೆಲವು ವಿದ್ವಾಂಸರ ಮತ. ಹಾಗಿದ್ದರೆ ಇಲ್ಲಿ ಇರಿತಕ್ಕೊಳಗಾದುದು ಕಾಡಿನ ಮೃಗವಲ್ಲ, ಒಂದು ರಾಜ್ಯ.

ಕಲ್ಲಿನ ಲಾಂಛನವನ್ನು ನೋಡಲು ಜನರು ಗುಡಿಗೆ ಬರಬೇಕು. ಚಿತ್ರವೇ ಜನರ ಬಳಿಗೆ ಹೋಗುವಂತಾದುದು ಅಚ್ಚಿನಿಂದ. ತಾಮ್ರದ ತಗಡಿನ ಮೇಲೆ ಗೆರೆ ಕೊರೆದು, ಮಸಿ ತುಂಬಿ, ಕಾಗದವನ್ನಿಟ್ಟು ಒತ್ತಿದರೆ ಒಂದೇ ಚಿತ್ರದ ನೂರಾರು ಪ್ರತಿಗಳು ದೊರೆಯುತ್ತವೆ. ಈ ವಿದ್ಯೆಯನ್ನು ರಾಜಕೀಯಕ್ಕೆ ಬಳಸುವುದರಲ್ಲಿ ಡಚ್ಚರದು ಎತ್ತಿದ ಕೈ.

ಹದಿನಾರನೆಯ ಶತಮಾನದಲ್ಲಿ ಅವರ ನಾಡು ಸ್ಪೇನಿನ ಅರಸನ ಆಳ್ವಿಕೆಗೆ ಒಳಪಟ್ಟಿತ್ತು. 1567ರಲ್ಲಿ ಅರಸನ ಪರವಾಗಿ ಬಂದ ಆಲ್ಬಾ ಎಂಬ ಸೇನಾಪತಿಯು ಪ್ರಜೆಗಳನ್ನು ಕ್ರೂರವಾಗಿ ದಂಡಿಸಿದನು. ಆಗ ಒಂದು ಚಿತ್ರ ಗುಟ್ಟಾಗಿ ಹರಡಿತು. ಸಿಂಹಾಸನದ ಮೇಲೆ ಆಲ್ಬಾ. ಅವನ ಮುಂದೆ ಸಂಕೋಲೆ ತೊಟ್ಟು ಮೊಣಕಾಲೂರಿದ ಹದಿನೇಳು ಸ್ತ್ರೀಯರು. ಅವರೇ ನಾಡಿನ ಹದಿನೇಳು ಪ್ರಾಂತಗಳು. ಅನ್ಯಾಯವನ್ನು ಕಂಡೂ ಸುಮ್ಮನಿದ್ದ ಅಧಿಕಾರಿಗಳು ಕಲ್ಲಿನ ಬೊಂಬೆಗಳಾಗಿ ನಿಂತಿದ್ದಾರೆ. ಇಂಥ ಚಿತ್ರಗಳಲ್ಲಿ ಹಲವಕ್ಕೆ ಕೆತ್ತಿದವನ ಹೆಸರಿಲ್ಲ. ಕಾರಣವನ್ನು ಊಹಿಸುವುದು ಕಷ್ಟವಲ್ಲ. 1583ರಲ್ಲಿ ಐಟ್ಸಿಂಗರ್ ಎಂಬಾತನು ಅದೇ ಹದಿನೇಳು ಪ್ರಾಂತಗಳ ಭೂಪಟವನ್ನು ಗರ್ಜಿಸುವ ಸಿಂಹದ ಆಕಾರದಲ್ಲಿ ಪ್ರಕಟಿಸಿದನು. ಸಂಕೋಲೆಯ ಸ್ತ್ರೀಯರಾಗಿದ್ದ ನಾಡು ಹದಿನೈದು ವರ್ಷಗಳೊಳಗೆ ಕಾಗದದ ಮೇಲೆ ಸಿಂಹವಾಗಿ ಎದ್ದು ನಿಂತಿತು. ಸ್ಪೇನ್ ಆ ನಾಡಿನ ಉತ್ತರಭಾಗದ ಸ್ವಾತಂತ್ರ್ಯವನ್ನು ಒಪ್ಪಿಕೊಂಡುದು 1648ರಲ್ಲಿ.

ಕನ್ನಡದಲ್ಲಿ ಕಾಗದದ ಮುದ್ರಣಕ್ಕೂ ನಾಣ್ಯ ಪದಕಗಳನ್ನು ಒತ್ತುವ ಸಾಧನಕ್ಕೂ ‘ಅಚ್ಚು’ ಎಂಬುದೇ ಮಾತು. ಅಂಥ ಅಚ್ಚಿನಿಂದ ಮೂಡಿದ ಸಿಂಹವೊಂದು ನಮ್ಮ ನಾಡಿನ ಇತಿಹಾಸದಲ್ಲಿಯೂ ಇದೆ. ಟಿಪ್ಪು ಸುಲ್ತಾನನ ಚಿಹ್ನೆ ಹುಲಿ. ಅವನ ಸಿಂಹಾಸನ, ಫಿರಂಗಿ, ಸೈನಿಕರ ಉಡುಪು, ಎಲ್ಲೆಡೆಯೂ ಹುಲಿಯೇ. 1799ರ ಮೇ 4ರಂದು ಶ್ರೀರಂಗಪಟ್ಟಣವು ಪತನಗೊಂಡಿತು. ಈಸ್ಟ್ ಇಂಡಿಯಾ ಕಂಪನಿಯು ಇಂಗ್ಲೆಂಡಿನಲ್ಲಿ ಪದಕಗಳನ್ನು ಅಚ್ಚುಹಾಕಿಸಿ 1808ರಲ್ಲಿ ಹಂಚಿತು. ಅದರ ಮೇಲೆ ಬ್ರಿಟಿಷ್ ಸಿಂಹವು ಹುಲಿಯನ್ನು ನೆಲಕ್ಕೆ ಕೆಡವಿ ತುಳಿಯುತ್ತಿದೆ. ಸೇನಾಪತಿಗಳಿಗೆ ಚಿನ್ನದ ಪದಕ. ಸಾಮಾನ್ಯ ಸಿಪಾಯಿಗಳಿಗೆ ತವರದ್ದು. ಆ ತವರದ ಪದಕವನ್ನು ಪಡೆದವರಲ್ಲಿ ಕಂಪನಿಯ ಸೈನ್ಯದ ಭಾರತೀಯ ಸಿಪಾಯಿಗಳೂ ಇದ್ದರು.