ಯಾರೂ ಕೇಳದ ಊರಿನಲ್ಲಿ ಅಮಾನತ್

ಒಂದು ಕಾಲದಲ್ಲಿ ನಮ್ಮ ಮನೆಗಳಲ್ಲಿ ಪಾಸ್‌ಪೋರ್ಟ್ ಎಂದರೆ ಗಲ್ಫ್‌ನ ದುಡಿಮೆ ಎಂದೇ ಅರ್ಥವಾಗಿತ್ತು. ಇಂದು ನಮ್ಮ ಮಕ್ಕಳು ಓದಲೆಂದು ಕೂಡಾ ಸಾಗರ ದಾಟುತ್ತಿದ್ದಾರೆ. ಇದು ಸಂತಸದ ಸಂಗತಿ. ಒಂದೇ ಒಂದು ಹದೀಸ್‌ಗಾಗಿ ಜಾಬಿರ್ ಬಿನ್ ಅಬ್ದುಲ್ಲಾಹ್(ರ) ಒಂದು ತಿಂಗಳ ಹಾದಿ ಸವೆಸಿ ಅಬ್ದುಲ್ಲಾಹ್ ಬಿನ್ ಉನೈಸ್(ರ)ರ ಬಳಿಗೆ ಹೋದರೆಂದು ಇಮಾಮ್ ಬುಖಾರಿ ದಾಖಲಿಸಿದ್ದಾರೆ. ಜ್ಞಾನಕ್ಕಾಗಿ ಊರು ಬಿಡುವುದು ನಮ್ಮ ಪೂರ್ವಿಕರ ದಾರಿ. ಆದರೆ ಊರು ಬಿಟ್ಟವನು ಯಾವುದನ್ನು ಬಿಡಬಾರದು ಎಂಬುದೂ ಅವರಿಂದಲೇ ಕಲಿಯಬೇಕಾದ ಪಾಠ.

ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಒಂದು ಸೆಮಿಸ್ಟರ್ ಓದಲು ಜರ್ಮನಿಯ ಬರ್ಲಿನ್ ನಗರಕ್ಕೆ ಹೋದ. ಒಂದು ರಾತ್ರಿ ಅವನ ಫೋನ್ ಬಂತು.

"ಉಸ್ತಾದ್, ಇಲ್ಲಿನ ರೈಲು ನಿಲ್ದಾಣಗಳಲ್ಲಿ ಗೇಟಿಲ್ಲ. ನೇರ ಹೋಗಿ ಹತ್ತಬಹುದು. ವಿದ್ಯಾರ್ಥಿಗಳ ಪಾಸ್ ಅಕ್ಟೋಬರ್ 1ರಿಂದ ಮಾತ್ರ. ನಾನು ಬಂದದ್ದು ಸೆಪ್ಟೆಂಬರ್ ಕೊನೆಗೆ. ಮೂರು ದಿನ ಟಿಕೆಟ್ ಇಲ್ಲದೆ ಓಡಾಡಿದೆ. ಯಾರೂ ಕೇಳಲಿಲ್ಲ. ಆದರೆ ನಮಾಝ್‌ಗೆ ನಿಂತರೆ ಅದೇ ನೆನಪಾಗುತ್ತದೆ."

ಸಿಕ್ಕಿಬಿದ್ದಿದ್ದರೆ ಅವನು 60 ಯೂರೋ ದಂಡ ತೆರಬೇಕಿತ್ತು. ಆದರೆ ಅವನನ್ನು ಕಾಡಿದ್ದು ದಂಡದ ಭಯವಲ್ಲ. ನಾನು ಹೇಳಿದೆ: "ಮಗನೇ, ಆ ಮೂರು ದಿನಗಳ ಟಿಕೆಟ್‌ಗಳನ್ನು ಈಗ ಕೊಂಡುಕೋ, ಪ್ರಯಾಣಿಸದೆ ಹರಿದುಹಾಕು. ಹಕ್ಕು ಹಕ್ಕುದಾರರಿಗೆ ಸೇರಲಿ. ಬಳಿಕ ತೌಬಾ ಮಾಡು." ಅವನು ಹಾಗೆಯೇ ಮಾಡಿದ.

ಕೆಲವರಿಗೆ ಇದು ಅತಿಯೆನಿಸಬಹುದು. 'ಅದು ಶ್ರೀಮಂತ ದೇಶ, ಮೂರು ಟಿಕೆಟ್‌ನಿಂದ ಅವರಿಗೇನು ನಷ್ಟ?' ಎನ್ನಬಹುದು. ಮಕ್ಕಾದ ಜನರು ಪ್ರವಾದಿ(ಸ)ರನ್ನು ಕೊಲ್ಲಲು ಸಂಚು ಹೂಡಿದ್ದರು. ಆದರೂ ಅವರ ಒಡವೆ ವಸ್ತುಗಳು ಪ್ರವಾದಿ(ಸ)ರ ಬಳಿ ಅಮಾನತ್ ಆಗಿದ್ದವು. ಕ್ರಿ.ಶ. 622ರಲ್ಲಿ ಹಿಜ್‌ರಾ ಹೊರಟಾಗ ಅವುಗಳನ್ನು ವಾರಸುದಾರರಿಗೆ ಮರಳಿಸಲು ಅಲೀ(ರ)ರನ್ನು ಹಿಂದೆ ನಿಲ್ಲಿಸಿ ಹೋದರು. ಶತ್ರುವಿನ ಸೊತ್ತಿಗೇ ಇಷ್ಟು ಗೌರವವಿದ್ದರೆ, ನಮಗೆ ಬಾಗಿಲು ತೆರೆದು ವಿದ್ಯೆ ಕೊಡುವವರ ಸೊತ್ತಿಗೆ ಎಷ್ಟಿರಬೇಕು? ಅಭಯ ಪಡೆದು ಪರರ ನಾಡನ್ನು ಪ್ರವೇಶಿಸಿದವನು ಅಲ್ಲಿನವರನ್ನು ವಂಚಿಸುವುದು ಹರಾಮ್ ಎಂದು ಫುಕಹಾಗಳು ಸ್ಪಷ್ಟಪಡಿಸಿದ್ದಾರೆ. ಇಂದಿನ ವೀಸಾ ಎಂದರೆ ಅದೇ ಅಭಯ, ಅದೇ ಕರಾರು.

ಕರಾರಿನ ಪಾಲನೆ

ಜರ್ಮನಿಯಲ್ಲಿ ವಾಸಕ್ಕೆ ಕೋಣೆ ಸಿಕ್ಕಿದ ಎರಡು ವಾರಗಳೊಳಗೆ ಆ ಊರಿನ ಕಚೇರಿಯಲ್ಲಿ ವಿಳಾಸ ನೋಂದಾಯಿಸಬೇಕು. ಆರೋಗ್ಯ ವಿಮೆ ಕಡ್ಡಾಯ. ನಮ್ಮ ದೇಶದ ವಿದ್ಯಾರ್ಥಿಗಳು ವರ್ಷಕ್ಕೆ 140 ಪೂರ್ಣ ದಿನ ಅಥವಾ 280 ಅರ್ಧ ದಿನ ದುಡಿಯಬಹುದೆಂದು 2024ರ ಮಾರ್ಚ್‌ನಿಂದ ನಿಯಮವಿದೆ. ಅದನ್ನು ಮೀರಿ ಕದ್ದು ದುಡಿಯುವುದು, ಗೆಳೆಯನ ಪ್ರಬಂಧ ನಕಲು ಮಾಡಿ ಒಪ್ಪಿಸುವುದು, ಇವೆಲ್ಲವೂ ಟಿಕೆಟ್ ಇಲ್ಲದ ಪ್ರಯಾಣದ ಸಾಲಿಗೇ ಸೇರುತ್ತವೆ.

ನಮಾಝ್

'ನಾನು ಮುಸಾಫಿರ್, ಆರು ತಿಂಗಳೂ ಕಸ್ರ್ ಮಾಡಬಹುದು' ಎಂದು ಕೆಲವರು ಭಾವಿಸುತ್ತಾರೆ. ಇದು ತಪ್ಪು. ಬಂದ ದಿನ ಮತ್ತು ಹೋಗುವ ದಿನ ಬಿಟ್ಟು ನಾಲ್ಕು ದಿನ ನಿಲ್ಲುವ ನಿಯ್ಯತ್ ಇದ್ದರೆ ಶಾಫಿಈ ಮದ್‌ಹಬ್‌ನಲ್ಲೂ, ಹದಿನೈದು ದಿನ ನಿಲ್ಲುವ ನಿಯ್ಯತ್ ಇದ್ದರೆ ಹನಫೀ ಮದ್‌ಹಬ್‌ನಲ್ಲೂ ನಮಾಝನ್ನು ಪೂರ್ಣವಾಗಿಯೇ ನಿರ್ವಹಿಸಬೇಕು.

ಕಿಬ್ಲಾ ಇಲ್ಲಿ ನಮಗೆ ಪಶ್ಚಿಮದ ಕಡೆಗಿದೆ, ಬರ್ಲಿನ್‌ನಲ್ಲಿ ಆಗ್ನೇಯಕ್ಕೆ. ಅಭ್ಯಾಸಬಲದಿಂದ ಪಶ್ಚಿಮಕ್ಕೆ ಮುಖ ಮಾಡಿದರೆ ಕಿಬ್ಲಾ ತಪ್ಪುತ್ತದೆ. ಅಕ್ಟೋಬರ್ ಕೊನೆಯ ಭಾನುವಾರ ಅಲ್ಲಿ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕಿಡುತ್ತಾರೆ. ಹಳೆಯ ವೇಳಾಪಟ್ಟಿ ಹಿಡಿದು ಕುಳಿತರೆ ಆ ದಿನ ಅಸರ್ ಕೈತಪ್ಪೀತು. ಡಿಸೆಂಬರ್‌ನಲ್ಲಿ ಝುಹರ್ ಹನ್ನೆರಡು ಕಳೆದೊಡನೆ ಆರಂಭವಾಗುತ್ತದೆ, ನಾಲ್ಕಕ್ಕೆ ಮುಂಚೆಯೇ ಸೂರ್ಯ ಮುಳುಗುತ್ತಾನೆ. ಮೂರು ನಮಾಝ್‌ಗಳು ತರಗತಿಯ ಹೊತ್ತಿನಲ್ಲೇ ಬರುತ್ತವೆ. ಅಲ್ಲಿನ ವಿಶ್ವವಿದ್ಯಾನಿಲಯಗಳ ವೇಳಾಪಟ್ಟಿಯಲ್ಲಿ ಗಂಟೆಯ ಪಕ್ಕ 'ಸಿ.ಟಿ.' ಎಂದಿದ್ದರೆ ತರಗತಿ ಹದಿನೈದು ನಿಮಿಷ ತಡವಾಗಿ ಆರಂಭವಾಗುತ್ತದೆ ಎಂದರ್ಥ. ಆ ಹದಿನೈದು ನಿಮಿಷ ಒಂದು ಫರ್ಝ್‌ಗೆ ಸಾಕು. ವಿಷಯಗಳನ್ನು ಆರಿಸುವಾಗಲೇ ಶುಕ್ರವಾರ ಜುಮಾದ ಹೊತ್ತನ್ನು ಬಿಡುವಾಗಿಟ್ಟುಕೊಳ್ಳಬೇಕು. ಮೊದಲ ವಾರ ಇದನ್ನು ಮಾಡದವನಿಗೆ ಇಡೀ ಸೆಮಿಸ್ಟರ್ ಜುಮಾ ಇಲ್ಲವಾದೀತು.

ಆಹಾರ ಮತ್ತು ನೆರೆಹೊರೆ

1961ರ ಒಪ್ಪಂದದಂತೆ ಜರ್ಮನಿಗೆ ದುಡಿಯಲು ಬಂದ ತುರ್ಕಿಗಳ ಮಕ್ಕಳು ಮೊಮ್ಮಕ್ಕಳು ಅಲ್ಲಿದ್ದಾರೆ. ಅವರ ಅಂಗಡಿಗಳಲ್ಲಿ ಹಲಾಲ್ ಮಾಂಸ ಸಿಗುತ್ತದೆ. ಮಸೀದಿಯ ದಾರಿಯನ್ನೂ ಅವರಲ್ಲಿ ಕೇಳಬಹುದು. ಮಿಠಾಯಿಗಳಲ್ಲಿ ಹಂದಿಯ ಜೆಲಟಿನ್ ಇರಬಹುದು, ಓದಿ ಕೊಳ್ಳಬೇಕು. ಭಾನುವಾರ ಬಹುತೇಕ ಅಂಗಡಿಗಳು ಮುಚ್ಚಿರುತ್ತವೆ, ಶನಿವಾರವೇ ಬ್ರೆಡ್ಡು ಹಾಲು ತಂದಿಟ್ಟುಕೊಳ್ಳಬೇಕು.

ಅಲ್ಲಿನ ಬಚ್ಚಲುಮನೆಗಳ ನೆಲದಲ್ಲಿ ಹಲವೆಡೆ ನೀರು ಹೋಗುವ ತೂತು ಇರುವುದಿಲ್ಲ. ವುಝೂ ಮಾಡಿದ ಮೇಲೆ ನೆಲ ಒರೆಸಿ ಬರುವುದು ಕೂಡಾ ವುಝೂವಿನ ಅದಬ್ ಎಂದು ತಿಳಿಯಿರಿ. ರಾತ್ರಿ ಹತ್ತರ ಬಳಿಕ ಸದ್ದು ಮಾಡಬಾರದು. ಸಾರಿಗೆ ನೀರು ಹೆಚ್ಚಿಸಿಯಾದರೂ ನೆರೆಯವರಿಗೆ ಹಂಚಬೇಕೆಂದು ಪ್ರವಾದಿ(ಸ) ಕಲಿಸಿದ್ದಾರೆ. ಪಕ್ಕದ ಕೋಣೆಯವನ ಬಾಗಿಲು ತಟ್ಟಿ ಒಂದು ತಟ್ಟೆ ಅನ್ನ ಕೊಟ್ಟರೆ ಪರಕೀಯತೆ ಅರ್ಧ ಕಳೆಯುತ್ತದೆ.

ಹೆತ್ತವರಿಗೊಂದು ಮಾತು

ಚಳಿಗಾಲದಲ್ಲಿ ಅಲ್ಲಿನ ಗಡಿಯಾರ ನಮ್ಮದಕ್ಕಿಂತ ನಾಲ್ಕೂವರೆ ಗಂಟೆ ಹಿಂದಿರುತ್ತದೆ. ಇಲ್ಲಿ ಉಮ್ಮ ಸುಬ್‌ಹ್‌ಗೆ ಎದ್ದಾಗ ಅಲ್ಲಿ ನಡುರಾತ್ರಿ. ಅಲ್ಲಿ ಸುಬ್‌ಹ್ ಆದಾಗ ಮಗನನ್ನು ಎಬ್ಬಿಸಲು ಉಮ್ಮ ಬಾಗಿಲ ಬಳಿ ಇಲ್ಲ. ಆದ್ದರಿಂದ ಮಗ ಮಗಳನ್ನು ವಿಮಾನ ಹತ್ತಿಸುವ ತಿಂಗಳಲ್ಲಿ ಅಲ್ಲ, ಅವರು ಮನೆಯಲ್ಲಿರುವಾಗಲೇ ತಾವಾಗಿ ಏಳುವುದನ್ನು ಕಲಿಸಿರಿ. ಫೋನಿನಲ್ಲಿ 'ಮಾರ್ಕ್ಸ್ ಎಷ್ಟು?' ಎಂದಷ್ಟೇ ಕೇಳಬೇಡಿರಿ. 'ಮನಸ್ಸು ಹೇಗಿದೆ?' ಎಂದೂ ಕೇಳಿರಿ. ತಪ್ಪು ಒಪ್ಪಿಕೊಂಡರೆ ಗದರಿಸಬೇಡಿರಿ. ನನ್ನ ವಿದ್ಯಾರ್ಥಿ ಅಂದು ಫೋನ್ ಮಾಡಲು ಹೆದರಿದ್ದರೆ, ಮೂರು ದಿನದ ತಪ್ಪು ಆರು ತಿಂಗಳ ರೂಢಿಯಾಗುತ್ತಿತ್ತು.

ನಾವು ಅಲ್ಲಾಹನನ್ನು ಕಾಣದಿದ್ದರೂ ಅವನು ನಮ್ಮನ್ನು ಕಾಣುತ್ತಿದ್ದಾನೆ ಎಂಬ ಅರಿವೇ ಇಹ್ಸಾನ್. ಗುರುತಿನವರು ಯಾರೂ ಇಲ್ಲದ ಊರಿನಲ್ಲಿ ಅದರ ಪರೀಕ್ಷೆ ನಡೆಯುತ್ತದೆ. ದೂರ ದೇಶಗಳಲ್ಲಿ ಕಲಿಯುತ್ತಿರುವ ನಮ್ಮ ಮಕ್ಕಳನ್ನು ಅಲ್ಲಾಹನು ಆ ಪರೀಕ್ಷೆಯಲ್ಲಿ ಗೆಲ್ಲಿಸಲಿ, ಅವರ ವಿದ್ಯೆಯನ್ನು ಸರ್ವರಿಗೂ ಉಪಯುಕ್ತಗೊಳಿಸಲಿ. ಆಮೀನ್.